ಹಡಗು ನಿಂತರೂ ರೈಲು ತಪ್ಪಬಾರದು

ಚೀನಾದವರ ಹೊಸ ವರ್ಷ ಒಂದು ದಿನದ ಹಬ್ಬ ಎಂದು ಯಾರಾದರೂ ಇನ್ನೂ ನಂಬಿದ್ದರೆ, ಅವರು ಜನವರಿಯಲ್ಲಿ ಅಲ್ಲಿಂದ ಒಂದು ಕಂಟೇನರ್ ತರಿಸಿ ನೋಡಲಿ. ನಮ್ಮ ಆಫೀಸಿನ ಗೋಡೆ ಕ್ಯಾಲೆಂಡರಿನಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಒಂದು ಚೌಕ. ಆ ಚೌಕಕ್ಕೆ ಮೊದಲು ಕೆಲವು ವಾರ ಹಡಗಿನಲ್ಲಿ ಜಾಗಕ್ಕಾಗಿ ಬಡಿದಾಟ, ಆಮೇಲೆ ಕೆಲವು ವಾರ ತುಂಬಲು ಸರಕೇ ಇಲ್ಲದೆ ಹಡಗುಗಳೇ ರದ್ದು. ಇದನ್ನು ಕ್ಯಾಲೆಂಡರ್ ಅಚ್ಚು ಹಾಕಿಸಿದವರು ಬರೆದಿರಲಿಲ್ಲ, ನಮ್ಮ ಮ್ಯಾನೇಜರ್ ಕೇಳಿಯೂ ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷವಾಗಿದ್ದ ಕಾಲ. ಲಂಡನ್ನಿನ ಕೆಂಟನ್‌ನಲ್ಲಿ ಬೇಕರ್‌ಲೂ ಲೈನ್ ಹಿಡಿದು, ಬೇಕರ್ ಸ್ಟ್ರೀಟಿನಲ್ಲಿ ಜುಬಿಲಿ ಲೈನಿಗೆ ಬದಲಾಯಿಸಿ ಕ್ಯಾನರಿ ವಾರ್ಫ್‌ಗೆ ಹೋಗುತ್ತಿದ್ದೆ. ಗಾಜಿನ ಬ್ಯಾಂಕುಗಳ ಹಿಂದೆ, ಹಳೆಯ ಗೋದಾಮೊಂದರ ಮೇಲ್ಮಹಡಿಯಲ್ಲಿ ನಮ್ಮ ಸಾಗಣೆ ಕಂಪನಿ. ಹಡಗು ನಮ್ಮದಲ್ಲ, ಸರಕೂ ನಮ್ಮದಲ್ಲ. ಹಡಗಿನವರಿಗೂ ಸರಕಿನವರಿಗೂ ನಡುವೆ ನಿಂತು ಇಬ್ಬರಿಂದಲೂ ಬೈಸಿಕೊಳ್ಳುವುದೇ ನಮ್ಮ ವ್ಯಾಪಾರ. ಚೀನಾದ ಆಮದು ನನ್ನ ಮೇಜಿನ ಪಾಲಿಗೆ ಬಂದಿತ್ತು.

ಮ್ಯಾನೇಜರ್ ಈ ಡಾಕುಗಳ ಪಕ್ಕದಲ್ಲೇ ಹುಟ್ಟಿ ಬೆಳೆದವರು. ಅವರ ಅಪ್ಪ ಇಲ್ಲಿ ಮೂಟೆ ಹೊತ್ತವರಂತೆ. ಒಳ್ಳೆಯ ಮನುಷ್ಯ. ಚಹಾ ತಾವೇ ಮಾಡಿ ಎಲ್ಲರ ಮೇಜಿಗೂ ತಂದುಕೊಡುತ್ತಿದ್ದರು. ಆದರೆ ಕೆಲಸದ ಮಾತು ಬಂದರೆ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ನಾನು ಧಾರವಾಡದವಳು, ನನ್ನ ಮೊಲಕ್ಕೂ ಕಾಲು ಪೂರ್ತಿ ಇರುವುದಿಲ್ಲ. ಹಾಗಾಗಿ ನಮ್ಮಿಬ್ಬರ ನಡುವೆ ವರ್ಷಕ್ಕೆ ಒಂದೆರಡು ಸಲ ಗುಡುಗು ಸಿಡಿಲು ಇದ್ದದ್ದೇ.

ಆಚೆ ಕಡೆ, ಶೆನ್‌ಜೆನ್‌ನಲ್ಲಿ, ನಮ್ಮ ಏಜೆಂಟರ ಕಚೇರಿಯಲ್ಲಿ ಒಬ್ಬ ಗುಮಾಸ್ತೆ ಇದ್ದಳು. ವರ್ಷಗಟ್ಟಲೆ ಫ್ಯಾಕ್ಸ್, ಫೋನ್, ಆಮೇಲೆ ಇಮೇಲ್. ಮುಖ ಮಾತ್ರ ನೋಡಿದ್ದಿಲ್ಲ. ನಾನು ಬೆಳಿಗ್ಗೆ ಆಫೀಸಿಗೆ ಬಂದು ಕೋಟು ತೆಗೆಯುವ ಹೊತ್ತಿಗೆ ಅಲ್ಲಿ ಅವಳಿಗೆ ಸಂಜೆ. ಅವಳ ಊರು ಒಳನಾಡಿನಲ್ಲಿ, ರೈಲಿನಲ್ಲಿ ಎರಡು ದಿನದ ದಾರಿ. ಮಗಳನ್ನು ಅಲ್ಲಿ ತಾಯಿಯ ಹತ್ತಿರ ಬಿಟ್ಟಿದ್ದಳು. ಆ ಮಗುವನ್ನು ಅವಳು ನೋಡುತ್ತಿದ್ದದ್ದು ವರ್ಷಕ್ಕೊಮ್ಮೆ, ಈ ಹಬ್ಬದಲ್ಲಿ. ಹೊಸ ವರ್ಷದ ಹಿಂದಿನ ರಾತ್ರಿ ಮನೆಮಂದಿಯೆಲ್ಲ ಒಂದೇ ಮೇಜಿನ ಸುತ್ತ ಕೂತು ಉಣ್ಣಬೇಕು, ಆ ಊಟ ತಪ್ಪಿದರೆ ಹಬ್ಬಕ್ಕೆ ಹೋಗಿಯೂ ಹೋಗದ ಹಾಗೆ ಎಂದು ಅವಳೇ ಹೇಳಿದ್ದಳು.

ಕೆಲಸದ ಗುಟ್ಟೊಂದನ್ನೂ ಅವಳೇ ಕಲಿಸಿದ್ದಳು. ಫ್ಯಾಕ್ಟರಿ ಎಂದು ಮುಚ್ಚುತ್ತದೆ ಎಂದು ಮಾಲೀಕನನ್ನು ಕೇಳಬಾರದು, ಅವನು ಕೊನೆಯವರೆಗೂ ತೆರೆದಿರುತ್ತದೆ ಎಂದೇ ಹೇಳುತ್ತಾನೆ. "ಕ್ಯಾಂಟೀನಿನ ಅಡುಗೆಯವನು ಯಾವತ್ತು ಊರಿಗೆ ಹೊರಡ್ತಾನೆ ಅಂತ ಕೇಳಿ. ಊಟ ನಿಂತ ದಿನ ಕೆಲಸಾನೂ ನಿಂತಿತು ಅಂತ ಲೆಕ್ಕ." ಮತ್ತೆ ತೆರೆಯುವುದಕ್ಕೆ ಅವರಲ್ಲೂ ಪಂಚಾಂಗ ನೋಡಿ ಒಳ್ಳೆಯ ದಿನ ಹುಡುಕುತ್ತಾರೆ, ಪಟಾಕಿ ಹೊಡೆದು, ಬಂದವರ ಕೈಗೆ ಕೆಂಪು ಲಕೋಟೆಯಲ್ಲಿ ದುಡ್ಡಿಟ್ಟು ಬಾಗಿಲು ತೆಗೆಯುತ್ತಾರೆ. ಬಂದವರಿಗೆ ಎಂದೆನಲ್ಲ. ಎಲ್ಲರೂ ಬರುವುದಿಲ್ಲ. ಊರಿಗೆ ಹೋದವರಲ್ಲಿ ಒಂದಷ್ಟು ಜನ ಅಲ್ಲೇ ಉಳಿದುಬಿಡುತ್ತಾರೆ.

ಆ ವರ್ಷದ ತಲೆನೋವು ತೋಟದ ಕುರ್ಚಿಗಳದು. ಮನೆಸಾಮಾನು ಮಾರುವ ಅಂಗಡಿಗಳ ದೊಡ್ಡ ಸರಪಳಿಯೊಂದು ಈಸ್ಟರ್ ರಜೆಗೆ ಮೊದಲು ಅಂಗಡಿಗೆ ಬರಬೇಕೆಂದು ತರಿಸಿದ ಮಾಲು. ಈ ದೇಶದಲ್ಲಿ ಈಸ್ಟರ್ ವಾರ ಒಂದಿಷ್ಟು ಬಿಸಿಲು ಬಿದ್ದರೆ ಸಾಕು, ಜನ ಕುರ್ಚಿ ಕೊಳ್ಳುತ್ತಾರೆ. ಆ ವಾರ ತಪ್ಪಿದರೆ ಕುರ್ಚಿಗಳು ಗೋದಾಮಿನಲ್ಲಿ ಕಾಲು ಮಡಚಿಕೊಂಡು ಮಲಗುತ್ತವೆ. ಖರೀದಿ ಮಾಡುವವನು ಮೆತ್ತೆಯ ಬಣ್ಣ ಬದಲಾಯಿಸಿ ಬದಲಾಯಿಸಿ ಆರ್ಡರನ್ನು ತಡಮಾಡಿದ್ದ. ನಾನು ಅಡುಗೆಯವನ ದಿನ ಕೇಳಿ, ಅದಕ್ಕೆ ತಕ್ಕಂತೆ ಲೋಡಿಂಗನ್ನು ಬೇಗನೆ ಇಟ್ಟುಕೊಂಡು, ಹಬ್ಬಕ್ಕೆ ಮುಂಚಿನ ಕೊನೆಯ ಹಡಗಿಗಿಂತ ಒಂದು ಹಡಗು ಮೊದಲೇ ಜಾಗ ಹಿಡಿದಿದ್ದೆ. ಅಷ್ಟು ಮಾಡಿಯೂ ಹಡಗಿನವರು ಜಾಗವಿಲ್ಲವೆಂದು ನಮ್ಮ ಕಂಟೇನರ್ ಪೆಟ್ಟಿಗೆಗಳನ್ನು ಬಂದರಿನಲ್ಲೇ ಬಿಟ್ಟು ಹೋದರು. ಹಬ್ಬದ ನೂಕುನುಗ್ಗಲಲ್ಲಿ ಇದು ಮಾಮೂಲು. ಎಲ್ಲರೂ ಊರಿಗೆ ಹೋಗುವ ಮುನ್ನ ಎಲ್ಲರ ಸರಕೂ ಹೊರಡಬೇಕು.

ಸರಿ, ಕೊನೆಯ ಹಡಗೇ ಗತಿ ಎಂದು ಪೆಟ್ಟಿಗೆಗಳನ್ನು ಅದಕ್ಕೆ ಬದಲಾಯಿಸಿದೆ. ಆ ಹಡಗು ನದೀಮುಖದ ಹೊರಗೆ ಮಂಜಿನಲ್ಲಿ ಸಿಕ್ಕಿಕೊಂಡಿತು. ಅದು ಬಂದರಿಗೆ ಬಂದು, ತುಂಬಿಕೊಂಡು, ಹೊರಡುವುದು ಹೊಸ ವರ್ಷದ ದಿನವೇ ಎಂದು ಒಂದು ಬೆಳಿಗ್ಗೆ ಸುದ್ದಿ ಬಂತು. ಬಂದರಿನಲ್ಲಿ ಅರ್ಧಂಬರ್ಧ ಜನ ಹಬ್ಬದಲ್ಲೂ ಕೆಲಸ ಮಾಡುತ್ತಾರೆ, ಹಾಗಾಗಿ ಸರಕಿಗೆ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಕಾಗದಕ್ಕೆ.

ಬಿಲ್ ಆಫ್ ಲೇಡಿಂಗ್ ಎಂದರೆ ಸರಕು ಹಡಗು ಹತ್ತಿತು ಎಂದು ಹಡಗಿನ ಕಂಪನಿ ಬರೆದುಕೊಡುವ ಕಾಗದ. ಅದರ ಮೂಲ ಪ್ರತಿ ಕೈಗೆ ಬಾರದೆ ಇಲ್ಲಿನ ಬಂದರಿನಲ್ಲಿ ಪೆಟ್ಟಿಗೆ ಬಿಡುವುದಿಲ್ಲ. ಹಡಗು ಹೊರಟ ಮೇಲೆಯೇ ಅದನ್ನು ಬರೆಯಬೇಕು. ಶೆನ್‌ಜೆನ್‌ನಲ್ಲಿ ಹಡಗು ಕಂಪನಿಯ ಕೌಂಟರಿಗೆ ಹೋಗಿ, ಒಂದೊಂದು ಅಕ್ಷರ ತಾಳೆ ನೋಡಿ, ಬಿಲ್ ಪಡೆದು ಕೊರಿಯರ್ ಮಾಡುವುದು ನಮ್ಮ ಗುಮಾಸ್ತೆಯ ಕೆಲಸ. ಹಡಗು ಹೊರಟ ಒಂದು ವಾರದೊಳಗೆ ಬಿಲ್ ತಮ್ಮ ಮೇಜಿನ ಮೇಲಿರಬೇಕು ಎಂದು ಕುರ್ಚಿಯವರು ಕರಾರು ಮಾಡಿಕೊಂಡಿದ್ದರು. ಅವಳ ರೈಲು ನಾಡಿದ್ದು ಬೆಳಿಗ್ಗೆ, ಹಡಗಿಗಿಂತ ಮೊದಲು.

ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಬಂದರು. "ಹಡಗು ಹೊರಡೋ ತನಕ ಇರೋಕೆ ಹೇಳು ಅವಳಿಗೆ. ಬಿಲ್ ತಗೊಂಡು ಕೊರಿಯರ್ ಮಾಡಿ ಆಮೇಲೆ ಊರಿಗೆ ಹೋಗಲಿ."

"ಆಮೇಲೆ ರೈಲಿಲ್ಲ."

"ಒಂದು ರೈಲು ಹೋದರೆ ಇನ್ನೊಂದು ಬರುತ್ತೆ."

"ಇಡೀ ದೇಶ ರೈಲಿನಲ್ಲಿದೆ. ಈ ಟಿಕೆಟ್ಟಿಗೇ ಅವಳು ಚಳಿಯಲ್ಲಿ ಸರದಿ ನಿಂತಿದ್ದಾಳೆ. ಇದು ತಪ್ಪಿದರೆ ಹಬ್ಬ ಮುಗಿಯೋವರೆಗೆ ಇನ್ನೊಂದು ಸಿಗಲ್ಲ."

"ಅವಳ ಕೆಲಸ ಅದು. ಅದಕ್ಕೇ ಅವರಿಗೆ ದುಡ್ಡು ಕೊಡ್ತೀವಿ."

ನನಗೆ ರೇಗಿತು. "ಕ್ರಿಸ್‌ಮಸ್‌ಗೆ ನಾವು ಬಾಗಿಲು ಹಾಕ್ತೀವಲ್ಲ, ಯಾಕೆ ಮನೆಗೆ ಊಟಕ್ಕೆ ಹೋದಿರಿ ಅಂತ ಶೆನ್‌ಜೆನ್ ಯಾವತ್ತಾದರೂ ಕೇಳಿದೆಯಾ?"

"ಅದು ಬೇರೆ."

"ಹೇಗೆ ಬೇರೆ?"

ಅವರು ಒಂದು ಖಾಲಿ ಫ್ಯಾಕ್ಸ್ ಹಾಳೆಯನ್ನು ನನ್ನ ಮುಂದೆ ಸರಿಸಿ, ಬರಿ ಎಂದರು. ಆ ಫ್ಯಾಕ್ಸನ್ನು ನಾನು ಕಳಿಸುವುದಿಲ್ಲ ಎಂದೆ. ಸುತ್ತಲಿನ ಮೇಜಿನವರು ಟೈಪ್ ಮಾಡುವುದನ್ನು ನಿಲ್ಲಿಸಿದರು. ಮ್ಯಾನೇಜರ್ ಕೆಂಪಗಾಗಿ, ತಾವೇ ನಾಲ್ಕು ಸಾಲು ಬರೆದು ಕಳಿಸಿದರು. ಸ್ವಲ್ಪ ಹೊತ್ತಿಗೆ ಉತ್ತರ ಬಂತು: ಪರವಾಗಿಲ್ಲ, ನಾನು ಇರುತ್ತೇನೆ. "ನೋಡು, ಅವಳಿಗಿಲ್ಲದ ತೊಂದರೆ ನಿನಗೆ" ಎಂದು ಆ ಹಾಳೆಯನ್ನು ನನ್ನ ಮುಂದಿಟ್ಟು ಹೋದರು.

ಆ 'ಪರವಾಗಿಲ್ಲ' ನನಗೆ ಚೆನ್ನಾಗಿ ಗೊತ್ತು. ಬಂದರಿಗೆ ಬಿರುಗಾಳಿ ಬಡಿದು ಕಚೇರಿಯೊಳಗೆ ನೀರು ನುಗ್ಗಿದ ದಿನವೂ ಅವಳು ಪರವಾಗಿಲ್ಲ ಎಂದೇ ಬರೆದಿದ್ದಳು. ಫೋನ್ ಮಾಡಿದೆ.

"ಟಿಕೆಟ್ ವಾಪಸ್ ಮಾಡಿದೆಯಾ?" ಎಂದು ಕೇಳಿದೆ.

"ಇನ್ನೂ ಇಲ್ಲ. ನಾಳೆ ಮಾಡ್ತೀನಿ." ದನಿ ತಗ್ಗಿಸಿದಳು. "ಇನ್ನೊಂದು ದಾರಿ ಇದೆ. ಕೌಂಟರಿನಲ್ಲಿ ಪರಿಚಯದವರಿದ್ದಾರೆ. ಹೊಸ ವರ್ಷದ ತಾರೀಖು ಹಾಕಿ ನಾಳೆಯೇ ಬಿಲ್ ಕೊಡ್ತಾರಂತೆ."

ಇಂಥ ಕಾಗದ ಸಿಕ್ಕಿಬಿದ್ದರೆ ಅವಳ ನೌಕರಿಯಷ್ಟೇ ಅಲ್ಲ, ಜೈಲಿನ ಮಾತು. "ಬೇಡವೇ ಬೇಡ. ಹೊರಡದ ಹಡಗನ್ನು ಹೊರಟಿತು ಅಂತ ಬರೆಸಬೇಡ. ಟಿಕೆಟ್ಟೂ ವಾಪಸ್ ಮಾಡಬೇಡ. ನಾಳೆವರೆಗೆ ನನಗೆ ಸಮಯ ಕೊಡು."

"ನಿಮ್ಮ ಮ್ಯಾನೇಜರ್?"

"ಅವರನ್ನು ನನಗೆ ಬಿಡು" ಎಂದೆ. ಹೇಗೆಂದು ನನಗೇ ಗೊತ್ತಿರಲಿಲ್ಲ.

ಹಡಗಿನ ಕಂಪನಿಗೆ ಲಂಡನ್ನಿನಲ್ಲೂ ಕಚೇರಿ ಇತ್ತು, ನಮ್ಮಿಂದ ನಾಲ್ಕೈದು ನಿಲ್ದಾಣ ಆಚೆ. ಅಲ್ಲಿ ಕಾಗದಪತ್ರದ ಕೌಂಟರಿನಲ್ಲಿ ಉಡುಪಿ ಕಡೆಯ ಕ್ಯಾಥೊಲಿಕರೊಬ್ಬರು ಕೂರುತ್ತಿದ್ದರು. ಪಿನ್ನರ್‌ನಲ್ಲಿ ಮನೆ. ಮನೆಯಲ್ಲಿ ಕೊಂಕಣಿ, ಆಫೀಸಿನಲ್ಲಿ ಇಂಗ್ಲಿಷ್, ನನ್ನೊಡನೆ ಮಾತ್ರ ಅವರ ಕಡಲ ಕಡೆಯ ಕನ್ನಡ. ಕನ್ನಡದವರ ಕೂಟಗಳಲ್ಲಿ ಇಬ್ಬರೂ ಬೆಂಗಳೂರಿನವರ ಹಾಗೆ ಮಾತಾಡಲು ಒದ್ದಾಡುತ್ತಿದ್ದೆವು, ಕೌಂಟರಿನಲ್ಲಿ ಆ ಕಷ್ಟವಿರಲಿಲ್ಲ. ಊಟದ ಬಿಡುವಿನಲ್ಲಿ ಡಾಕುಗಳ ನಡುವೆ ಚಾಲಕನಿಲ್ಲದೆ ಓಡುವ ಪುಟ್ಟ ರೈಲು ಹಿಡಿದು ಅವರ ಮುಂದೆ ಹೋಗಿ ನಿಂತೆ.

"ಅಣ್ಣಾರ, ಬಿಲ್ ಶೆನ್‌ಜೆನ್‌ದಾಗ ಬ್ಯಾಡ. ಹಡಗ ಹೊಂಟ ಮ್ಯಾಲೆ ಇಲ್ಲೇ, ಲಂಡನ್‌ದಾಗ ಬರದು ಕೊಡ್ಲಿಕ್ಕೆ ಬರ್ತದೇನ್ರಿ?"

ಅವರು ಕನ್ನಡಕದ ಮೇಲಿಂದ ನೋಡಿದರು. "ಆಗ್ತದೆ. ಆಗುದಿಲ್ಲ ಅಂತ ರೂಲ್ ಎಂತದೂ ಇಲ್ಲ. ಆದ್ರೆ ಯಾರೂ ಕೇಳುದಿಲ್ಲ ಮಾರಾಯ್ತಿ. ಎಂತಕ್ಕೆ ಬೇಕು ನಿಮಗೆ?"

ಹೇಳಿದೆ. ಅವರು ಒಂದು ನಿಟ್ಟುಸಿರು ಬಿಟ್ಟರು. "ನಮ್ಮ ಈಸ್ಟರ್ ಚಂದ್ರನನ್ನು ನೋಡಿ ಬರುದು, ಅವರ ಹಬ್ಬವೂ ಚಂದ್ರನದ್ದೇ. ನನ್ನ ತಲೆಯಲ್ಲಿ ಕೂದಲು ಇಲ್ಲದ್ದು ಸುಮ್ಮನೆ ಅಲ್ಲ. ಎರಡು ಕಾಗದ ಬೇಕು ನೋಡಿ. ಒಂದು, ಫ್ಯಾಕ್ಟರಿಯವರು ಲಂಡನ್ನಲ್ಲಿ ಬಿಲ್ ಕೊಡಿ ಅಂತ ಬರೆದು ಅವರ ಮುದ್ರೆ ಹಾಕಿದ್ದು. ಇನ್ನೊಂದು, ಎಂತದಾದ್ರೂ ಹೆಚ್ಚುಕಮ್ಮಿ ಆದ್ರೆ ನಾವು ಜವಾಬ್ದಾರಿ ಅಂತ ನಿಮ್ಮ ಕಂಪನಿಯದ್ದು. ನಿಮ್ಮ ಮ್ಯಾನೇಜರ್ ಸೈನ್ ಹಾಕ್ತಾರಾ?"

"ಹಾಕಸ್ತೀನ್ರಿ."

"ಹಾಕದಿದ್ರೆ?"

"ಅವರು ಹಾಕ್ಲಿಲ್ಲಂದ್ರ ನಾನ ಹಾಕ್ತೀನಿ."

ಅವರು ಎರಡೂ ಪತ್ರಗಳ ಒಕ್ಕಣೆಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು.

ಆ ಸಂಜೆ ಕೆಂಟನ್ ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದೆ. ಆತ ಪೇಪರು ಕೆಳಗಿಟ್ಟ. "ಯಾವ್ದೋ ದೇಶದ ಹೆಣ್ಮಗಳ ಸಲುವಾಗಿ ನೌಕರಿ ಕಳಕೋತಿಯೇನು? ಆಕಿ ಮುಖಾನೂ ನೋಡಿಲ್ಲ ನೀ."

"ಮುಖಾ ನೋಡಿದವ್ರ ಸಲುವಾಗಷ್ಟ ಮಾಡ್ಬೇಕೇನ್ರಿ?"

"ಮಾಡವಾ, ಮಾಡು. ಬ್ಯಾಡಂದ್ರ ಕೇಳಾಕಿ ಅಲ್ಲ ನೀ" ಎಂದು ಪೇಪರು ಮೇಲೆತ್ತಿಕೊಂಡ. ಅಷ್ಟೇ ಸಾಕಾಗಿತ್ತು ನನಗೆ.

ಮರುದಿನ ಎದ್ದ ಕೂಡಲೆ ಮನೆಯಿಂದಲೇ ಫೋನ್ ಮಾಡಿ ಗುಮಾಸ್ತೆಗೆ ವಿಷಯ ತಿಳಿಸಿದೆ. ಚೀನಾದಲ್ಲಿ ಸಹಿಗಿಂತ ಕಂಪನಿಯ ಕೆಂಪು ಮುದ್ರೆಗೆ ಬೆಲೆ. ಹಬ್ಬಕ್ಕೆ ಮುಚ್ಚುವಾಗ ಅದನ್ನು ತಿಜೋರಿಯೊಳಗಿಟ್ಟು ಬೀಗ ಹಾಕುತ್ತಾರೆ, ಬೀಗದ ಕೈ ಲೆಕ್ಕಿಗನ ಜೇಬಿನಲ್ಲಿ ಊರಿಗೆ ಹೋಗುತ್ತದೆ. ಆ ಸಂಜೆಯೇ ಬೀಗ. ಅವಳು ಬಸ್ಸು ಹತ್ತಿ ಊರಾಚೆಯ ಫ್ಯಾಕ್ಟರಿಗೆ ಓಡಿದಳು. ನಾನು ಆಫೀಸು ಮುಟ್ಟುವ ಹೊತ್ತಿಗೆ ಪತ್ರ ಫ್ಯಾಕ್ಸಿನಲ್ಲಿ ಬಂದು ಬಿದ್ದಿತ್ತು. ಅದನ್ನು ಎತ್ತಿಕೊಂಡು ಅದೇ ಪುಟ್ಟ ರೈಲಿನಲ್ಲಿ ನೇರ ಕೌಂಟರಿಗೆ ಹೋದೆ.

"ಇದೆಂತ ಮಾರಾಯ್ತಿ? ಮುದ್ರೆಯಾ, ಶಾಯಿ ಚೆಲ್ಲಿದ್ದಾ?" ಎಂದರು ಪಿನ್ನರಿನವರು.

ನೋಡಿದರೆ ನಿಜ. ಹೆಸರೂ ಸಹಿಯೂ ಇರಬೇಕಾದಲ್ಲಿ ಒಂದು ಕಪ್ಪು ಉಂಡೆ. ಯಾರೂ ನಕಲು ಮಾಡಬಾರದೆಂದು ಅಲ್ಲಿ ಮುದ್ರೆಯನ್ನು ಸಹಿಯ ಮೇಲೆಯೇ ಒತ್ತುತ್ತಾರೆ, ನಮ್ಮಲ್ಲಿ ರೆವಿನ್ಯೂ ಸ್ಟಾಂಪಿಗೆ ಅಡ್ಡವಾಗಿ ಸಹಿ ಹಾಕುವಂತೆ. ಕಾಗದದ ಮೇಲೆ ಕೆಂಪು ಬೇರೆ ಕಪ್ಪು ಬೇರೆಯಾಗಿ ಕಾಣುತ್ತದೆ. ಫ್ಯಾಕ್ಸ್ ಯಂತ್ರಕ್ಕೆ ಎಲ್ಲವೂ ಕಪ್ಪು. ಓದಲಾಗದ ಪತ್ರವನ್ನು ತೆಗೆದುಕೊಳ್ಳುವಂತಿಲ್ಲ ಎಂದರು ಅವರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಕೌಂಟರಿನ ಫೋನಿನಿಂದಲೇ ಫ್ಯಾಕ್ಟರಿಗೆ ಮಾಡಿದೆ. ಗುಮಾಸ್ತೆ ಇನ್ನೂ ಅಲ್ಲೇ ಇದ್ದಳು. ಲೆಕ್ಕಿಗ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತು ಗೊಣಗುತ್ತಿದ್ದದ್ದು ನನಗೂ ಕೇಳಿಸಿತು.

"ಎರಡು ಸಲ ಮುದ್ರೆ ಹಾಕಿಸು" ಎಂದೆ. "ಒಂದು ಅವರ ಪದ್ಧತಿಯಂತೆ ಸಹಿಯ ಮೇಲೆ. ಇನ್ನೊಂದು ಪಕ್ಕದಲ್ಲಿ, ಏನೂ ಬರೆಯದ ಜಾಗದಲ್ಲಿ. ಹೆಸರನ್ನು ಕೆಳಗೆ ಇನ್ನೊಮ್ಮೆ ಟೈಪ್ ಮಾಡು."

"ತಿಜೋರಿಗೆ ಬೀಗ ಹಾಕಿಬಿಟ್ಟಿದ್ದಾರೆ."

"ತೆಗೆಸು."

ಆ ಕಡೆ ಚೀನೀ ಭಾಷೆಯಲ್ಲಿ ಜೋರು ಮಾತು ಶುರುವಾಯಿತು. ಯಾವ ಮಾತಿನಲ್ಲೂ ಪರವಾಗಿಲ್ಲ ಎಂದ ಹಾಗೆ ಕೇಳಿಸಲಿಲ್ಲ. ಅವಳು ಜಗಳವಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು, ನನಗೆ ಹಿಗ್ಗು ತಡೆಯಲಾಗಲಿಲ್ಲ. ಪಿನ್ನರಿನವರು ನನಗೆ ಕುರ್ಚಿ ಎಳೆದುಕೊಟ್ಟರು. ಕೊನೆಗೂ ಅವರ ಯಂತ್ರ ಕಿರುಗುಟ್ಟಿ ಹಾಳೆ ಹೊರಬಂತು. ಈ ಸಲ ದುಂಡಗಿನ ಮುದ್ರೆಯೂ ಹೆಸರೂ ಸ್ಪಷ್ಟ.

"ಇದು ಉಂಟು ನೋಡಿ" ಎಂದು ಅವರು ತಲೆಯಾಡಿಸಿದರು. "ಈಗ ನಿಮ್ಮದು."

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಜವಾಬ್ದಾರಿ ಪತ್ರ ಟೈಪ್ ಮಾಡಿ ಮ್ಯಾನೇಜರ ಮುಂದಿಟ್ಟೆ. ಅವರು ಎರಡು ಸಲ ಓದಿದರು.

"ಅವಳು ಮಾಡಬೇಕಾದ ಕೆಲಸಕ್ಕೆ ನಾನು ಯಾಕೆ ತಲೆ ಕೊಡಲಿ? ಈ ಸಲ ಒಪ್ಪಿದರೆ ಮುಂದಿನ ವರ್ಷ ಎಲ್ಲ ಏಜೆಂಟರೂ ಕೇಳ್ತಾರೆ."

"ಕೇಳಲಿ."

"ನಾನು ಸಹಿ ಹಾಕಲ್ಲ."

ಮಾಲು ಬಿಡಿಸಿಕೊಳ್ಳುವ ಮಾಮೂಲು ಜವಾಬ್ದಾರಿ ಪತ್ರಗಳಿಗೆ ಸಹಿ ಮಾಡುವ ಅಧಿಕಾರ ಕಂಪನಿಯಲ್ಲಿ ನನಗೂ ಇತ್ತು. ಇದು ಮಾಮೂಲಿನದೋ ಅಲ್ಲವೋ ಎಂದು ವಾದ ಮಾಡಬಹುದು. ವಾದ ಮಾಡುತ್ತ ಕೂತರೆ ರೈಲು ಹೊರಟುಹೋಗುತ್ತದೆ. ಕದ್ದು ಮಾಡುವುದು ನನಗೆ ಬೇಕಿರಲಿಲ್ಲ. ಅವರ ಮೇಜಿನ ಮೇಲೆಯೇ ಪತ್ರವನ್ನು ನನ್ನ ಕಡೆ ತಿರುಗಿಸಿಕೊಂಡೆ.

"ಹಾಗಾದರೆ ನಾನು ಹಾಕ್ತೀನಿ. ನಿಮಗೆ ಗೊತ್ತಿರಲಿ ಅಂತ ನಿಮ್ಮ ಎದುರಿಗೇ."

"ತಪ್ಪಾದರೆ ನಿನ್ನ ಕೆಲಸ ಹೋಗುತ್ತೆ. ನಾನು ಉಳಿಸೋಕೆ ಬರಲ್ಲ."

"ಬರಬೇಡಿ."

ಅವರ ಮೇಜಿನ ಪೆನ್ನನ್ನೇ ಎತ್ತಿಕೊಂಡೆ. ಸಹಿ ನೇರವಾಗಿಯೇ ಬಿತ್ತು. ಪತ್ರವನ್ನು ಕೌಂಟರಿಗೆ ಮುಟ್ಟಿಸಿ ಶೆನ್‌ಜೆನ್‌ಗೆ ಒಂದೇ ಸಾಲು ಕಳಿಸಿದೆ: ರೈಲು ಹತ್ತು, ಇಲ್ಲಿಯದು ನಾನು ನೋಡಿಕೊಳ್ಳುತ್ತೇನೆ. ಆ ಸಲ ಉತ್ತರ ಬರಲಿಲ್ಲ. ಗಂಟು ಕಟ್ಟುತ್ತಿರಬೇಕು ಎಂದುಕೊಂಡೆ.

ಹೊಸ ವರ್ಷದ ದಿನ ಹಡಗು ಹೊರಟಿತು. ಪೆಟ್ಟಿಗೆಗಳು ಹತ್ತಿದ್ದನ್ನು ತಮ್ಮ ಕಂಪ್ಯೂಟರಿನಲ್ಲಿ ಒಂದೊಂದಾಗಿ ತಾಳೆ ನೋಡಿಕೊಂಡು ಪಿನ್ನರಿನವರು ಬಿಲ್ ಬರೆದರು. ನಾನೇ ಹೋಗಿ ತಂದೆ. ಕುರ್ಚಿಯವರ ಕಚೇರಿಗೆ ಅದು ಹಿಂದಿನ ಯಾವ ವರ್ಷಕ್ಕಿಂತಲೂ ಬೇಗ ಮುಟ್ಟಿತು. ಅವರು ಥ್ಯಾಂಕ್ಸ್ ಹೇಳಿ ಫೋನ್ ಮಾಡಿದರು, ಮ್ಯಾನೇಜರಿಗೆ. ಅದೇ ಮಧ್ಯಾಹ್ನ ಮ್ಯಾನೇಜರ್ ನನ್ನನ್ನು ಕೋಣೆಗೆ ಕರೆದು, ಮೇಲಿನವರ ಮಾತು ಮೀರಿದ್ದಕ್ಕೆ ಎಚ್ಚರಿಕೆ ಕೊಟ್ಟರು. ಇನ್ನೊಮ್ಮೆ ಹೀಗಾದರೆ ಮನೆಗೆ ಎಂದರು. ಕೇಳಿಸಿಕೊಂಡೆ, ಒಪ್ಪಿಲ್ಲ ಎಂದೂ ಹೇಳಿದೆ. ಹೊರಬಂದಾಗ ನನ್ನ ಮೇಜಿನ ಮೇಲೆ ಅವರು ಮಾಡಿಟ್ಟಿದ್ದ ಚಹಾ ಇತ್ತು.

ಹೊಸ ವರ್ಷದ ಹದಿನೈದನೆಯ ದಿನ ಬರುವ ಅವರ ಲಾಟೀನು ಹಬ್ಬವೂ ಕಳೆದು, ಪಟಾಕಿ ಹೊಡೆದು, ಶೆನ್‌ಜೆನ್‌ನ ಕಚೇರಿ ಬಾಗಿಲು ತೆಗೆಯಿತು. ಮೊದಲ ದಿನದ ಇಮೇಲಿಗೆ ಯಾರೋ ಹೊಸಬಳ ಹೆಸರಿತ್ತು. ತಾನು ಇಂದಿನಿಂದ ಈ ಕೆಲಸ ನೋಡಿಕೊಳ್ಳುತ್ತೇನೆ, ಹಿಂದಿನವರು ಊರಿನಿಂದ ವಾಪಸ್ ಬಂದಿಲ್ಲ ಎಂದು ಬರೆದಿದ್ದಳು. ಹೊಸಬಳಿಗೆ ಏನೂ ಗೊತ್ತಿರಲಿಲ್ಲ. ಮೊದಲ ವಾರವೇ ಎರಡು ಪೆಟ್ಟಿಗೆಗಳ ಸಂಖ್ಯೆ ಅದಲುಬದಲು ಮಾಡಿದಳು. ನಾನು ಬೆಳಗಿನ ರೈಲು ಇನ್ನೂ ಬೇಗ ಹಿಡಿದು ಬಂದು ಅವಳಿಗೆ ಮೊದಲಿನಿಂದ ಕಲಿಸತೊಡಗಿದೆ. ನನ್ನ ಮೇಜಿನ ಪಕ್ಕ ಹಾದುಹೋಗುವಾಗ ಮ್ಯಾನೇಜರ್ ಹೆಜ್ಜೆ ನಿಧಾನ ಮಾಡುತ್ತಿದ್ದರು. ಹಳೆಯವಳು ಬೇಕಿತ್ತು ನನಗೆ. ಬೆಳಿಗ್ಗೆ ಬಂದ ತಕ್ಷಣ ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಅವಳೇ ಫೋನ್ ಮಾಡಿದಳು. ಊರಿನ ಅಂಗಡಿಯಿಂದ. ಹಿಂದೆ ಗೂಡು ಸೇರುತ್ತಿದ್ದ ಕೋಳಿಗಳ ಗದ್ದಲ.

"ಸಾರಿ" ಎಂದಳು. "ನೀವು ಅಷ್ಟೆಲ್ಲ ಮಾಡಿದಿರಿ. ನಾನು ಬರಲಿಲ್ಲ."

"ಸಾರಿ ಯಾಕೆ? ಊಟ ಸಿಕ್ಕಿತಾ?"

"ಸಿಕ್ಕಿತು. ಮಗಳು ಮೊದಮೊದಲು ಹತ್ತಿರ ಬರಲಿಲ್ಲ. ಅಜ್ಜಿಯ ಬೆನ್ನ ಹಿಂದೆ ನಿಂತು ನೋಡೋಳು. ಆಮೇಲೆ ಬಂದಳು. ಹೊರಡೋ ದಿನ ಬೆಳಿಗ್ಗೆ ನನ್ನ ಶೂ ಇರಲಿಲ್ಲ. ಅಮ್ಮ ಹುಡುಕಿದಳು, ಪಕ್ಕದ ಮನೆಯವರು ಹುಡುಕಿದರು. ಮಗಳು ಅಕ್ಕಿ ಡಬ್ಬದ ಮೇಲೆ ಕೂತಿದ್ದಳು. ಅಲ್ಲಿಂದ ಏಳಲೇ ಇಲ್ಲ."

"ಮತ್ತೆ ನೀನು?"

"ನಾನು ಅವಳನ್ನು ಏಳಿಸಲಿಲ್ಲ" ಎಂದಳು.

ಫೋನಿಟ್ಟೆ. ಕಣ್ಣು ತುಂಬಿತ್ತು. ಮ್ಯಾನೇಜರ್ ಚಹಾ ತಂದವರು ಅಲ್ಲೇ ನಿಂತರು. ಯಾರ ಫೋನೆಂದು ಕೇಳಿದರು, ಹೇಳಿದೆ.

"ಬರಲ್ವಂತಾ?"

"ಬರಲ್ಲ."

ಅವರು ಲೋಟ ಕೆಳಗಿಟ್ಟರು. "ಅವತ್ತು ನನ್ನ ಮಾತು ಕೇಳಿ ಅವಳನ್ನು ಅಲ್ಲೇ ಉಳಿಸಿಕೊಂಡಿದ್ದರೆ, ಇವತ್ತು ಅವಳು ನಮ್ಮ ಹತ್ತಿರ ಇರ್ತಿದ್ದಳು. ನಮಗಿದ್ದ ಒಳ್ಳೇ ಗುಮಾಸ್ತೆ ಹೋಗಿದ್ದು ನಿನ್ನಿಂದ."

"ಹೌದು" ಎಂದೆ. "ಮುಂದಿನ ವರ್ಷ ಹೊಸಬಳನ್ನೂ ಊರಿಗೆ ಕಳಿಸ್ತೀನಿ."